ಮಾವಿನ ಮರದ ಕೆಳಗೆ ಕೂತ ನಾಯಕಿ

ಹುಡುಗಿಯರ ದಳಕ್ಕೆ ನಾನು ಸೇರಿದ್ದು ನನ್ನ ಬಾಯಿಯ ದೆಸೆಯಿಂದ. ದಾವಣಗೆರೆಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಸೊಸೆಯಾದ ನಾನು ಅಂಗಡಿ ಕಡೆ ಹೋಗುವಂತಿಲ್ಲ, ಅಡುಗೆಮನೆ ಅತ್ತೆಯ ಕೈಯಲ್ಲಿ. "ದಿನಾ ನನ್ ತಲಿ ತಿನ್ನೋ ಬದ್ಲು ಆ ಸಾಲಿ ಹುಡುಗ್ಯಾರ ತಲಿ ತಿನ್ನು ಹೋಗವಾ" ಎಂದು ಅತ್ತೆಯೇ ಕಳಿಸಿದರು. ನಯಾಪೈಸೆ ಹೊಸದಾಗಿ ಬಂದು ಸಂತೆಯಲ್ಲಿ ಜಗಳ ಹಚ್ಚುತ್ತಿದ್ದ ಕಾಲ ಅದು.

ಶನಿವಾರ ಮಧ್ಯಾಹ್ನ ಶಾಲೆಯ ಬಯಲಿನಲ್ಲಿ ಹಗ್ಗದ ಗಂಟು, ಗಾಯಕ್ಕೆ ಪಟ್ಟಿ, ಮೂರು ಕಲ್ಲಿನ ಒಲೆ ಹೂಡುವುದು ಕಲಿಸುತ್ತಿದ್ದೆವು. ಸಂಬಳವಿಲ್ಲದೆ ದುಡಿಯುವ ನಮ್ಮಂಥವರನ್ನು ಹುಡುಗಿಯರು ಅಕ್ಕಾರೆ ಎನ್ನುತ್ತಿದ್ದರು. ಅಕ್ಕಂದಿರಿಗೆ ಇದ್ದದ್ದು ಒಂದೇ ಕಟ್ಟಪ್ಪಣೆ: ಕಲಿಸಬೇಕು, ಆಮೇಲೆ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ನಿಲ್ಲಬೇಕು. ಯಾವ ತೀರ್ಮಾನವನ್ನಾದರೂ ಹುಡುಗಿಯರೇ ಕೈ ಎತ್ತಿ ಮಾಡಬೇಕು. ಸಮ ಬಿದ್ದರೆ ಗುಂಪಿನ ನಾಯಕಿಯ ಕೈಯೇ ಕೊನೆ. ಅದನ್ನು ದೊಡ್ಡವರು ತಿದ್ದುವಂತಿಲ್ಲ. ಬಾಯಿ ಮುಚ್ಚುವುದು, ಅದೂ ನಾನು! ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

ನನ್ನ ಗುಂಪಿನ ನಾಯಕಿ ಊರಂಚಿನ ಆನೆಕೊಂಡದ ಹುಡುಗಿ. ಅಪ್ಪ ಹತ್ತಿ ಮಿಲ್ಲಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊರುವವನು. ಹುಡುಗಿ ಕಡ್ಡಿಯ ಹಾಗಿದ್ದಳು, ದನಿ ಮಾತ್ರ ಬಯಲಿನ ಆಚೆ ತುದಿಗೂ ಕೇಳುವಂಥದ್ದು. ಅಳುವ ಸಣ್ಣವರನ್ನು ಬೈಯದೆ ಎಬ್ಬಿಸಿ ನಡೆಸುವ ಕಲೆ ಅವಳಿಗೆ ಹೇಗೆ ಬಂದಿತ್ತೋ ಶಿವನೇ ಬಲ್ಲ, ನನಗಂತೂ ಈವರೆಗೆ ಬಂದಿಲ್ಲ. ಅವಳಿಗೆ ಟೀಚರ್ ಆಗುವ ಆಸೆ. ನಾಯಕಿಯ ಪರೀಕ್ಷೆ ಪಾಸಾದರೆ ಕೊರಳಿಗೆ ಬಿಳಿ ಹಗ್ಗದ ಸೀಟಿ ಹಾಕುತ್ತಿದ್ದರು. ನಾನು ಆನೆಕೊಂಡಕ್ಕೆ ಹೋಗಿ ಅವಳಪ್ಪನ ಮುಂದೆ ಗಂಟೆಗಟ್ಟಲೆ ವಾದಿಸಿದ ಮೇಲೆ ಅವನು ಒಂದು ಮಾತು ಕೊಟ್ಟ.

"ಆತ್ರೀ ಅಮ್ಮಾರ. ನಿಮ್ ಸೀಟಿ ತಂದ್ಳು ಅಂದ್ರೆ ಓದಿಸ್ತೀನಿ, ಟ್ರೇನಿಂಗಿಗೂ ಕಳಸ್ತೀನಿ. ತರ್ಲಿಲ್ಲ ಅಂದ್ರೆ ಅವ್ಳ ಸೋದರಮಾವ ಕಾಯಾಕತ್ತಾನ. ಆಮ್ಯಾಲ ಮತ್ತ ಬಂದು ಕೇಳಬ್ಯಾಡ್ರಿ."

ಪರೀಕ್ಷೆ ನಡೆದದ್ದು ಹರಿಹರದಲ್ಲಿ, ಹೊಳೆ ದಂಡೆಯ ಮಾವಿನ ತೋಪಿನಲ್ಲಿ. ನಾಯಕಿ ಒಂದು ಇಡೀ ದಿನ ಗುಂಪನ್ನು ನಡೆಸಬೇಕು, ಅಡುಗೆ ಮಾಡಿಸಿ ಎಲ್ಲರಿಗೂ ತಾನೇ ಬಡಿಸಬೇಕು. ನೋಡಲು ದಳದ ಮೇಲಿನವರ ಕಡೆಯಿಂದ ಒಬ್ಬ ಪರೀಕ್ಷಕಿ ಬಂದಿದ್ದರು. ಸಂಜೆಯ ರೈಲಿಗೆ ಅವರು ಮುಂದಿನ ಊರಿಗೆ ಹೋಗುವವರು.

ಬೆಳಿಗ್ಗೆ ಒಲೆ ಹೂಡುವ ಹೊತ್ತಿಗೆ ಹುಡುಗಿ ನನ್ನ ಹತ್ತಿರ ಬಂದು ದೂರವೇ ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾರೆ, ನಾನು ಹೊರಗಾಗೀನ್ರಿ."

 ಲಿಂಗ ಕಟ್ಟಿದ ನಮ್ಮ ಮನೆಯಲ್ಲಿ ಆ ಮೈಲಿಗೆ ಇಲ್ಲ. ಮುಟ್ಟಾದವಳು ರೊಟ್ಟಿಯನ್ನೂ ಬಡಿಯುತ್ತಾಳೆ, ಪೂಜೆಯನ್ನೂ ಮಾಡುತ್ತಾಳೆ. ಆದರೆ ಅವಳ ಮನೆಯಲ್ಲಿ ಹಾಗಲ್ಲ, ಗುಂಪಿನ ಅರ್ಧ ಹುಡುಗಿಯರ ಮನೆಯಲ್ಲೂ ಹಾಗಲ್ಲ. ಬಟ್ಟೆ ಕೊಟ್ಟು ಮೆಲ್ಲಗೆ ಹೇಳಿದೆ: "ಯಾರಿಗೂ ಹೇಳಬ್ಯಾಡ. ಇವತ್ತೊಂದಿನ ಸುಮ್ನಿದ್ದುಬಿಡು, ನನ್ನವ್ವ."

"ಹೆಂಗ್ರಿ ಅಕ್ಕಾರೆ? ಅವ್ರಿಗೆ ಗೊತ್ತಿಲ್ದಂಗೆ ಉಣಿಸ್ಲೇನ್ರಿ? ಸುಳ್ಳು ಬ್ಯಾಡ ಅಂತ ನೀವ ಕಲಿಸೀರಲ್ಲ."

ಕಲಿಸಿದ್ದೆ, ಹೌದು. ಪರೀಕ್ಷಕಿಯ ಹತ್ತಿರ ಓಡಿ, ನಾಳೆಗೆ ಇಟ್ಟುಕೊಳ್ಳಿ ಎಂದು ಅಂಗಲಾಚಿದೆ. ಅವರು ಕೆಟ್ಟವರಲ್ಲ. "ಒಬ್ಬಳಿಗಾಗಿ ಬೇರೆ ಊರಿನ ಮಕ್ಕಳನ್ನೆಲ್ಲ ಕಾಯಿಸಲೇನ್ರಿ?" ಎಂದರು. ನಾನು ಒಲೆಯ ಕಡೆ ಹಿಂತಿರುಗಿದೆ.

ಹುಡುಗಿ ಗುಂಪನ್ನು ಒಂದೆಡೆ ಕೂಡಿಸಿ, ತಾನು ದೂರ ನಿಂತು, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಒಬ್ಬಳು ಅಳುತ್ತಾ ಎದ್ದಳು. "ನಮ್ಮ ಅಜ್ಜಿಗೆ ಗೊತ್ತಾದ್ರೆ ಇನ್ನ ದಳಕ್ಕೇ ಕಳ್ಸಲ್ಲ." ಇನ್ನೊಬ್ಬಳು ಸಿಡಿದಳು: "ಏ, ಅದೇನಾಗತೈತೆ? ನಮ್ಮನ್ಯಾಗ ಇದೆಲ್ಲ ಇಲ್ಲ. ನಮ್ಮ ನಾಯಕಿ ಕೈಯಾಗಿಂದು ನಾ ಉಣ್ತೀನಿ." ಕೊನೆಗೆ ಕೈ ಎತ್ತಿದರು. ಅವಳೇ ನಡೆಸಲಿ ಎನ್ನುವವರು ಎಷ್ಟೋ, ಬೇಡ ಎನ್ನುವವರೂ ಅಷ್ಟೇ. ಸಮ ಬಿತ್ತು!

ಸಮ ಬಿದ್ದರೆ ನಾಯಕಿಯ ಕೈಯೇ ಕೊನೆ. ನನಗೆ ಹೋದ ಜೀವ ಬಂದಂತಾಯಿತು. ಎತ್ತೇ, ಮಗಳೇ, ನಿನ್ನ ಕಡೆಗೆ ಎತ್ತೇ ಎಂದು ಮನಸ್ಸಿನಲ್ಲೇ ಬಡಬಡಿಸಿದೆ. ಅವಳು ಅಳುತ್ತಿದ್ದ ಸಣ್ಣವರನ್ನು ನೋಡಿದಳು. "ನಾನೊಬ್ಳಿಗೋಸ್ಕರ ಇವ್ರೆಲ್ಲ ದಳ ಬಿಡೋದು ಬ್ಯಾಡ" ಎಂದು ಬೇಡ ಎನ್ನುವವರ ಕಡೆಗೆ ಕೈ ಎತ್ತಿಬಿಟ್ಟಳು.

ಆಮೇಲೆ ಆ ದಿನವೆಲ್ಲ ದೂರದ ಮಾವಿನ ಮರದ ಕೆಳಗೆ ಒಬ್ಬಳೇ ಕೂತಿದ್ದಳು. ಬೇರೊಬ್ಬಳು ಗುಂಪು ನಡೆಸಿದಳು. ಅನ್ನ ಸೀದು ಹೋಗುವುದು ಕಂಡರೂ ಹುಡುಗಿ ತುಟಿ ಬಿಚ್ಚಲಿಲ್ಲ. ಎಲೆಯಲ್ಲಿ ತಂದು ದೂರದಿಂದ ಸರಿಸಿದ್ದನ್ನು ಉಂಡಳು. ನಾನು ಬೇಕೆಂದೇ ಹೋಗಿ ಅವಳನ್ನು ತಾಗಿ ಕೂತೆ. "ದೂರ ಸರೀರಿ ಅಕ್ಕಾರೆ, ಸಣ್ಣವು ನೋಡ್ತಾವೆ" ಎಂದು ಅವಳೇ ಜರುಗಿದಳು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಹೊರಡುವ ಮುಂಚೆ ಪರೀಕ್ಷಕಿಯ ಮುಂದೆ ಜಗಳಕ್ಕೇ ನಿಂತೆ. "ಬೆಳಿಗ್ಗೆ ಅವಳು ಮಾಡಿದ್ದು ನಾಯಕಿ ಕೆಲಸ ಅಲ್ಲೇನ್ರಿ? ನಮ್ಮಲ್ಲಿ ಯಾರ ಕೈಲಿ ಆಗುತ್ತಿತ್ತು ಹೇಳ್ರಿ!" ಅವರ ಕಣ್ಣೂ ಒದ್ದೆಯಾಗಿತ್ತು. "ಹೌದಮ್ಮ. ಆದರೆ ಬಡಿಸದವಳಿಗೆ ಬಡಿಸಿದಳು ಅಂತ ಅಂಕ ಹೆಂಗೆ ಹಾಕಲಿ?" ಎಂದರು. ಸೀಟಿ ಬರಲಿಲ್ಲ.

ಊರಿಗೆ ಮರಳುವ ರೈಲು ಬಾತಿ ಗುಡ್ಡ ದಾಟುವಾಗ, ಅವಳಪ್ಪನಿಗೆ ಎಲ್ಲವನ್ನೂ ನಾನೇ ಹೇಳುತ್ತೇನೆ ಎಂದೆ. ಅವಳು ಗಾಬರಿಯಿಂದ ಕೈ ಮುಗಿದಳು. "ಅಯ್ಯೋ ಬ್ಯಾಡ್ರಿ! ಗಂಡಸ್ರ ಮುಂದ ಅದನ್ನ ಹೇಳ್ತಾರೇನ್ರಿ? ಅಪ್ಪಗ ನಾ ಹೆಂಗ್ ಮುಖ ತೋರಸ್ಲಿ?"

ದಾವಣಗೆರೆ ಸ್ಟೇಷನ್ನಿನಲ್ಲಿ ಅವನು ತಲೆಯ ಮೇಲಿನ ಹತ್ತಿಯ ಅರಳನ್ನೂ ಕೊಡವಿಕೊಳ್ಳದೆ ಮಿಲ್ಲಿನಿಂದ ನೇರ ಬಂದು ನಿಂತಿದ್ದ. ಮೊದಲು ನೋಡಿದ್ದು ಮಗಳ ಕೊರಳನ್ನು.

"ಎಲ್ಲೈತೆ ಸೀಟಿ?"

"ನನ್ ಕೈಲಿ ಆಗ್ಲಿಲ್ಲಪ್ಪ" ಎಂದಳು. ಸುಳ್ಳೇ ಆಡದ ಹುಡುಗಿ. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ಅಪ್ಪ ಚೀಲ ಇಸಿದುಕೊಳ್ಳಲು ಕೈ ಚಾಚಿದ. ಅವನಿಗೆ ಮೈಲಿಗೆ ತಾಗಬಾರದೆಂದು ಅವಳು ಹಿಂದಕ್ಕೆ ಸರಿದಳು. ಸೋತ ನಾಚಿಕೆಗೆ ಸರಿದಳೆಂದು ತಿಳಿದನೋ ಏನೋ, ಬೈಯಲೂ ಇಲ್ಲ. "ಹೋಗ್ಲಿ ಬಿಡವ್ವ" ಎಂದ. ಅವನು ಬೈದಿದ್ದರೆ ನಾನಾದರೂ ಜಗಳಕ್ಕೆ ನಿಲ್ಲಬಹುದಿತ್ತು. ಮರುವಾರ ಹುಡುಗಿಯ ತಾಯಿಯ ಹತ್ತಿರ ಬಾಯಿ ಬಿಟ್ಟೆ. "ಗೊತ್ತೈತ್ರಿ ಅಮ್ಮಾರ. ಅವ್ರಪ್ಪಗ ಹೇಳಿದ್ರೆ ಹೊರಗಾದವಳನ್ನ ಊರೂರು ತಿರುಗಿಸಿದ್ರು ಅಂತ ದಳಕ್ಕೇ ಕೆಟ್ ಹೆಸರು. ಸುಮ್ನಿರ್ರಿ" ಎಂದಳು ಆಕೆ.

ಸೋದರಮಾವನ ಜೊತೆಗಿನ ಅವಳ ಮದುವೆಗೆ ಕರೆಯಲು ಅಪ್ಪನೇ ಬಂದಿದ್ದ. ಹೋದೆ. ಹಂದರದಲ್ಲಿ ನನ್ನನ್ನು ಕೈ ತೋರಿಸಿ ನಾಲ್ಕು ಜನಕ್ಕೆ ಹೇಳಿದ: "ಈ ಅಮ್ಮಾರು ನಮ್ ಹುಡುಗಿಗೆ ಭಾಳ ಬಡಿದಾಡಿದ್ರು. ಇವಳ ಕೈಯಾಗ ಆಗ್ಲಿಲ್ಲ, ಅವ್ರೇನ್ ಮಾಡ್ತಾರ?"

ನಾಲಿಗೆಯ ತುದಿಗೆ ಬಂದಿತ್ತು. ಬಾಸಿಂಗದ ಕೆಳಗಿನಿಂದ ಹುಡುಗಿ ನನ್ನನ್ನು ನೋಡಿ, ಬೇಡ ಎಂದು ಸಣ್ಣಗೆ ತಲೆ ಆಡಿಸಿದಳು. ನಾನು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ನಿಂತೆ.