ಗಾಳಿಗೂ ಬಾಡಿಗೆ

ಬುಟ್ಟಿಯಿಟ್ಟಿದ್ದ ಪೆಟ್ಟಿಗೆಯನ್ನು ನಾನು ತಕ್ಕಡಿಯ ಮೇಲಿಟ್ಟರೆ, ಕೊಪ್ಪದ ಕೊರಿಯರ್ ಅಂಗಡಿಯವರು ತಕ್ಕಡಿಯ ಕಡೆ ನೋಡಲೇ ಇಲ್ಲ. ಟೇಪು ತೆಗೆದು ಉದ್ದ, ಅಗಲ, ಎತ್ತರ ಅಳೆದರು.

"ಹಗುರ ಇದ್ರೆ ಆಗ್ಲಿಲ್ಲ ಅಕ್ಕ, ವಿಮಾನದಲ್ಲಿ ಎಷ್ಟು ಜಾಗ ತಿಂತದೆ ನೋಡ್ಬೇಕು" ಎಂದರು. ಅವರು ಹೇಳಿದ ಮೊತ್ತ ಬುಟ್ಟಿಯ ಬೆಲೆಗಿಂತ ಎಷ್ಟೋ ಹೆಚ್ಚಿತ್ತು.

ಆ ಬಿದಿರಿನ ಬುಟ್ಟಿ ಹೆಣೆದವರು ಬೇಗಾರಿನ ಗಿರಿಜಮ್ಮ. ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟವಳು ನಾನು. ರೂಪಾಯಿಯಲ್ಲಿ ಬೆಲೆ ಹಾಕಿದರೆ ಹೊರದೇಶದವರು ಅಗ್ಗದ ಮಾಲು ಎಂದಾರೆಂದು ಡಾಲರ್ ಆರಿಸಿದ್ದೆ. ಕಳಿಸುವ ಖರ್ಚು ಎಂಬಲ್ಲಿ 'ಉಚಿತ' ಒತ್ತಿದ್ದೆ. ಜಯಪುರದಲ್ಲಿ ಬಸ್ಸಿಗೆ ಸಾಮಾನಿನ ಗಂಟು ಹೇರಿ ಕಂಡಕ್ಟರಿಗೆ ಕಾಫಿ ಕಾಸು ಕೊಟ್ಟು ರೂಢಿ ನಮಗೆ. ದೂರವಾದರೆ ತೂಕ ನೋಡಿ ದುಡ್ಡು ತೆಗೆದುಕೊಂಡಾರು, ಬಿದಿರಿಗೆ ತೂಕವೆಲ್ಲಿ ಎಂದುಕೊಂಡಿದ್ದೆ.

ಕೊಂಡಿದ್ದ ಕೆನಡಾದ ಮಹಿಳೆಗೆ ಸಂಗತಿ ತಿಳಿಸಿದೆ. ಉಚಿತ ಎಂದು ಬರೆದವರು ನೀವೇ ಎಂದರು. ವಿಧಿಯಿಲ್ಲದೆ ಆರ್ಡರ್ ರದ್ದು ಮಾಡಿದೆ. ಆಕೆ ನನ್ನ ಮಾರಾಟದ ಪುಟದಲ್ಲಿ ನಂಬಬಾರದವರು ಎಂದು ಬರೆದು ಐದರಲ್ಲಿ ಒಂದೇ ನಕ್ಷತ್ರ ಕೊಟ್ಟರು. ಆಮೇಲೆ ಯಾರೂ ಆ ಬುಟ್ಟಿ ಕೇಳಲಿಲ್ಲ.

ಎಲ್ಲ ಹೇಳಿದಾಗ ಗಿರಿಜಮ್ಮ ಬುಟ್ಟಿಯೊಳಗೆ ಕೈಯಾಡಿಸಿದರು. "ಇದ್ರೊಳಗೆ ಎಂತ ಉಂಟು ಅಮ್ಮ, ಬರೀ ಗಾಳಿ. ಗಾಳಿಗೆ ಅಷ್ಟು ರೇಟಾ? ನನ್ನ ಕೈಕೆಲಸಕ್ಕೆ ಇಷ್ಟು ವರ್ಷ ಯಾರೂ ಅಷ್ಟು ಕೊಡ್ಲಿಲ್ಲ."

ಬುಟ್ಟಿ ಈಗ ನಮ್ಮ ಅಡುಗೆಮನೆಯಲ್ಲಿದೆ. ಅದರ ತುಂಬ ಈರುಳ್ಳಿ ಸುರಿದಿಟ್ಟಿದ್ದೇನೆ. ಖಾಲಿ ಕಂಡರೆ ಮೈ ಉರಿಯುತ್ತದೆ.