ಎರೂಷಾ ಟೀಚರ್ ಕೈ ದಾಟಿಸಿದ ಮುತ್ತು

ಡಲ್ಲಾಸ್‌ನಲ್ಲಿ ಇನ್ನೂ ನಸುಗತ್ತಲು. ನಗರದ ಉತ್ತರ ಭಾಗದಲ್ಲಿರುವ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ. ಅದರ ಹಿಂಬದಿಯ ಶಿಶುವಿಹಾರದ ದೀಪ ಹೊತ್ತಿಸುವವರು ಎರೂಷಾ ರೋಹೇಕರ್. ಕೋಣೆಗೆ ಕಾಲಿಡುವ ಮೊದಲು ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿದ ಪುಟ್ಟ ಕೊಳವೆಯನ್ನು ಮುಟ್ಟಿ, ಬೆರಳನ್ನು ತುಟಿಗೆ ಒತ್ತಿಕೊಳ್ಳುತ್ತಾರೆ. ಕೊಳವೆಯೊಳಗೆ ಧರ್ಮಗ್ರಂಥದ ಸಾಲುಗಳ ಸುರುಳಿಯಿದೆ. ಆಮೇಲೆ ಮೇಜಿನ ಮೇಲೇರಿಸಿದ ಮೊಣಕಾಲೆತ್ತರದ ಕುರ್ಚಿಗಳನ್ನು ಒಂದೊಂದಾಗಿ ಇಳಿಸುವ ಕೆಲಸ. ಐವತ್ತು ದಾಟಿದ ಸೊಂಟ ನಡುನಡುವೆ ತನ್ನ ಇರವನ್ನು ನೆನಪಿಸುತ್ತದೆ.

"ಸೊಂಟದ ಮಾತ ಬಿಡ್ರಿ, ಅದು ಹುಬ್ಬಳ್ಳಿಯಿಂದನ ಹಂಗೈತಿ," ಎಂದು ನಗುತ್ತಾರೆ.

ಹೌದು, ಹುಬ್ಬಳ್ಳಿ. ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನ ಭಾರತೀಯ ಅಂಗಡಿಯಲ್ಲಿ ನೀವು ಜೋಳದ ಹಿಟ್ಟಿನ ಚೀಲಕ್ಕೆ ಕೈ ಹಾಕಿದಾಗ "ಅದು ಹಳೇದೈತ್ರಿ, ಹಿಂದಿಂದು ತಗೋರಿ" ಎಂದು ಪಕ್ಕದಿಂದ ಯಾರಾದರೂ ಹೇಳಿದರೆ, ಅವರು ಎರೂಷಾ ಆಗಿರಬಹುದು. ಹೆಸರು ಕೇಳಿದ ಕನ್ನಡಿಗರು "ಕ್ರಿಶ್ಚಿಯನ್ನಾ?" ಎನ್ನುತ್ತಾರೆ. ಅವರ ಮೈಬಣ್ಣ ನೋಡಿದ ಸಿನಗಾಗ್‌ನವರು "ಯಾವಾಗ ನಮ್ಮ ಧರ್ಮಕ್ಕೆ ಬಂದಿರಿ?" ಎನ್ನುತ್ತಾರೆ. ಇಬ್ಬರಿಗೂ ಅವರದು ಒಂದೇ ತಾಳ್ಮೆಯ ಉತ್ತರ.

"ನಾವು ಬಂದವರಲ್ರಿ, ಮೊದಲಿಂದನೂ ಇದ್ದವರು. ನಮ್ಮ ಹಿರ್ಯಾರು ಕೊಂಕಣದಾಗ ಗಾಣ ಹಾಕಿ ಎಣ್ಣಿ ತಗೀತಿದ್ರು. ಶನಿವಾರ ಗಾಣ ನಿಲ್ಲಸ್ತಿದ್ರು. ಅದಕ್ಕ ಮಂದಿ ನಮ್ಮನ್ನ ಶನಿವಾರದ ಗಾಣಿಗರು ಅಂತ ಕರೀತಿದ್ರು."

ಬೆನೆ ಇಸ್ರೇಲ್ ಎಂಬ ಈ ಪುಟ್ಟ ಸಮುದಾಯ ತಲೆತಲಾಂತರದಿಂದ ಕೊಂಕಣ ತೀರದ್ದು. ಎರೂಷಾರ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ದೊಡ್ಡ ಹಬ್ಬ ಬಂದರೆ ರೈಲು ಹತ್ತಿ ಪುಣೆಯ ಸಿನಗಾಗ್. ಅಲ್ಲಿ ಪ್ರಾರ್ಥನೆ ಮುಗಿಯುವುದನ್ನೇ ಪುಟ್ಟ ಎರೂಷಾ ಕಾಯುತ್ತಿದ್ದಳು. ಮುಗಿದ ಕೂಡಲೇ ಹಿರಿಯರು ಎರಡೂ ಕೈ ಚಾಚುತ್ತಾರೆ. ಪಕ್ಕದವರು ಆ ಕೈಗಳನ್ನು ತಮ್ಮ ಅಂಗೈಗಳ ನಡುವೆ ಮೆಲ್ಲಗೆ ಹಿಡಿದು ಬಿಟ್ಟು, ತಮ್ಮ ಬೆರಳ ತುದಿಗೆ ತಾವೇ ಮುತ್ತಿಟ್ಟುಕೊಂಡು, ಇನ್ನೊಬ್ಬರತ್ತ ಕೈ ಚಾಚುತ್ತಾರೆ. ಮುತ್ತು ಸಾಲಿನಿಂದ ಸಾಲಿಗೆ ದಾಟಿ ಇಡೀ ಮಂದಿರ ಸುತ್ತುತ್ತದೆ. ಇದಕ್ಕೆ ಹಾತ್‌ಬೋಶಿ ಎಂದು ಹೆಸರು. "ನನಗ ಅದು ಅಪ್ಪನ ಕೈಯಿಂದ ಬರ್ತಿತ್ತು. ಸೋಪು ಹಚ್ಚಿ ತಿಕ್ಕಿದ್ರೂ ಗ್ರೀಸಿನ ವಾಸನಿ ಹೋಗಿರ್ತಿದ್ದಿಲ್ಲ."

ಹ್ಯೂಸ್ಟನ್‌ನಲ್ಲಿ ನೆಲೆಸಿದ್ದ ನಾದಿನಿ ತನ್ನ ಅಣ್ಣನಿಗಾಗಿ, ಅಂದರೆ ಎರೂಷಾರ ಗಂಡನಿಗಾಗಿ, ವಲಸೆಯ ಅರ್ಜಿ ಹಾಕಿ, ಎಲ್ಲರೂ ಅದನ್ನು ಮರೆತೇಬಿಟ್ಟ ಮೇಲೆ, ೨೦೧೪ರಲ್ಲಿ ವೀಸಾ ಬಂತು. ಹ್ಯೂಸ್ಟನ್‌ನಲ್ಲಿ ಕೆಲವು ತಿಂಗಳಿದ್ದು, ಗಂಡನಿಗೆ ಗೋದಾಮಿನಲ್ಲಿ ಕೆಲಸ ಸಿಕ್ಕಿದ್ದರಿಂದ ಡಲ್ಲಾಸ್‌ಗೆ ಶಿಫ್ಟ್ ಆದರು. ಹುಬ್ಬಳ್ಳಿಯ ಕೇಶ್ವಾಪುರದ ಶಿಶುವಿಹಾರದಲ್ಲಿ ಅರ್ಧ ಆಯಸ್ಸು ಕಳೆದ ಟೀಚರಮ್ಮ ಇಲ್ಲಿ ಮೊದಲಿಂದ ತರಬೇತಿ ಪಡೆದು ಸಹಾಯಕಿಯಾದರು. ಮೂಗು ಒರೆಸುವುದು, ಡೈಪರ್ ಬದಲಿಸುವುದು, ನಿದ್ದೆ ಬಾರದವರ ಬೆನ್ನು ತಟ್ಟುವುದು. ಹಾಡು ಹೇಳಿಸಲು ಬೇರೆ ಟೀಚರ್ ಇದ್ದಾರೆ.

ಇದ್ಯಾವುದೂ ಅವರಿಗೆ ಅಷ್ಟಾಗಿ ನೋಯಲಿಲ್ಲ. ನೋಯಿಸಿದ್ದು ಸಿನಗಾಗ್‌ನ ಮೊದಲ ಶುಕ್ರವಾರದ ಸಂಜೆ. ಪ್ರಾರ್ಥನೆ ಮುಗಿದಾಗ ಅಭ್ಯಾಸಬಲದಿಂದ ಪಕ್ಕದಲ್ಲಿ ಕೂತಿದ್ದ ಹಿರಿಯ ಮಹಿಳೆ ಗೇಲ್ ಅವರತ್ತ ಎರಡೂ ಕೈ ಚಾಚಿದರು. ಗೇಲ್ ಒಂದು ಕ್ಷಣ ಯೋಚಿಸಿ, ಆ ಕೈಗಳಲ್ಲಿ ಪ್ರಾರ್ಥನೆಯ ಪುಸ್ತಕ ಇಟ್ಟರು. ಪಾಪ, ಪುಸ್ತಕ ಕೇಳುತ್ತಿದ್ದಾರೆ ಎಂದುಕೊಂಡಿದ್ದರು. ಎರೂಷಾ "ಥ್ಯಾಂಕ್ಯೂ" ಎಂದರು, ಕಾರಿನಲ್ಲಿ ಕೂತು ಅತ್ತರು. ಅಂದಿನಿಂದ ಕೊನೆಯ ಸಾಲು, ಕೈ ಮಡಿಲಲ್ಲಿ.

"ಅಪ್ಪ ತೀರಿಕೊಂಡ ದಿನಾನೂ ಅಷ್ಟು ಒಂಟಿ ಅನ್ನಿಸಿದ್ದಿಲ್ರಿ. ಇಷ್ಟು ದೂರ ಬಂದು, ನಮ್ಮವರ ನಡುವನ, ಕೈ ಹಿಡಿಯೋರು ಯಾರೂ ಇಲ್ಲಂದ್ರ?"

ಮಡಿಲು ಸೇರಿದ್ದ ಆ ಕೈ ಶಿಶುವಿಹಾರದಲ್ಲಿ ಮತ್ತೆ ಹೊರಬಂದದ್ದು ಎಲೈ ಎಂಬ ಮೂರು ವರ್ಷದ ಹುಡುಗನಿಂದಾಗಿ. ಅವನು ಆ ಗೇಲ್ ಅವರದೇ ಮೊಮ್ಮಗ. ದಿನಾ ಬೆಳಗ್ಗೆ ಅಜ್ಜಿಯ ಕೋಟು ಹಿಡಿದು ಕಟ್ಟಡ ಅದುರುವಂತೆ ಅಳುತ್ತಿದ್ದ. ಗೊಂಬೆ, ಬಿಸ್ಕತ್ತು, ಮುದ್ದು ಯಾವುದೂ ನಡೆಯಲಿಲ್ಲ. ಒಂದು ದಿನ ಎರೂಷಾ ಕೆಳಗೆ ಕೂತು, ಗೇಲ್ ಅವರ ಕೈಗಳನ್ನು ಎಲೈಯ ಪುಟ್ಟ ಅಂಗೈಗಳ ನಡುವೆ ಇಟ್ಟರು. ಅವನ ಬೆರಳನ್ನು ಅವನ ತುಟಿಗೆ ತಾಗಿಸಿದರು. "ಅಜ್ಜಿ ಮುತ್ತು ನಿನ್ನ ಕೈಯಾಗ ಬಂತು. ಈಗ ಅದನ್ನ ಸಾನ್ವಿಗೆ ಕೊಡು" ಎಂಬುದನ್ನು ತಮ್ಮ ಹುಬ್ಬಳ್ಳಿ ಇಂಗ್ಲಿಷಿನಲ್ಲಿ ಹೇಳಿದರು. ಎಲೈ ಬಿಕ್ಕುತ್ತಲೇ ಕೊಟ್ಟ. ಪಕ್ಕದಲ್ಲಿದ್ದ ಪುಟ್ಟ ಸಾನ್ವಿ ಇನ್ನೊಬ್ಬನಿಗೆ ದಾಟಿಸಿದಳು. ಕೋಣೆಯೆಲ್ಲ ಸುತ್ತಿ ಮುತ್ತು ತನ್ನ ಬಳಿಗೇ ವಾಪಸು ಬಂದಾಗ ಎಲೈ ಅಳು ಮರೆತು ಬಾಯಿ ಬಿಟ್ಟು ನಿಂತಿದ್ದ.

ವಾರದೊಳಗೆ ಇಡೀ ಕೋಣೆಗೆ ಅದೇ ಬೆಳಗಿನ ನೇಮವಾಯಿತು. ಆಮೇಲೆ ಬಂತು ಚಳಿಗಾಲ, ಅದರ ಹಿಂದೆಯೇ ಫ್ಲೂ. ಎಲೈ ಕೆಮ್ಮತೊಡಗಿದ. ಇವರ ಕೈ ಅವರಿಗೆ, ಬೆರಳು ಬಾಯಿಗೆ, ಇದೆಂಥ ಪದ್ಧತಿ ಎಂದು ಗೇಲ್ ಶಿಶುವಿಹಾರದ ಮುಖ್ಯಸ್ಥೆಗೆ ದೂರು ಕೊಟ್ಟರು. ನಿಲ್ಲಿಸಿ ಎಂದು ಅಪ್ಪಣೆಯಾಯಿತು. ಸುಮ್ಮನೆ ಹೇಳಬಾರದು, ದೂರಿನಲ್ಲಿ ತಪ್ಪೇನೂ ಇರಲಿಲ್ಲ.

ಮರುದಿನ ಎರೂಷಾ ಕೈ ಬೆನ್ನ ಹಿಂದೆ ಕಟ್ಟಿ ಬಾಗಿಲಲ್ಲಿ ನಿಂತರು. ಮಕ್ಕಳು ಅಂಗೈ ಚಾಚಿಕೊಂಡು ಸಾಲಾಗಿ ಬಂದರು. ಎಲೈ ಬಾಗಿಲ ಹೊರಗೆ ಮಲಗಿ ಹೊರಳಾಡಿ ಅತ್ತ.

ಎರೂಷಾ ಸೀದಾ ಮುಖ್ಯಸ್ಥೆಯ ಕೋಣೆಗೆ ಹೋದರು. "ನಾ ಕೇಳಿದೆ, ಕೈ ಹೊಲಸಿದ್ರ ತೊಳೀಬೇಕೋ, ಕತ್ತರಿಸಬೇಕೋ? ನಮ್ಮಪ್ಪ ಗ್ರೀಸಿನ ಕೈ ತೊಳಕೊಂಡ ಕೊಡ್ತಿದ್ದ. ಇಲ್ಲೂ ತೊಳಕೊಂಡ ಕೊಡ್ಲಿ. ಕೆಮ್ಮು ಇದ್ದವರು ಅವತ್ತ ಬರೇ ನೋಡ್ಲಿ."

ಮುಖ್ಯಸ್ಥೆ ಒಪ್ಪಿದರು. ಆದರೆ ಕೋಣೆಯಲ್ಲಿದ್ದದ್ದು ಮಕ್ಕಳ ನಲ್ಲಿ, ದೊಡ್ಡವರ ಮೊಣಕಾಲಿಗೆ ಬರುವಷ್ಟು ಎತ್ತರದ್ದು. ಮುತ್ತು ಕೊಡುವ ದೊಡ್ಡವರೂ ಅಲ್ಲೇ ತೊಳೆಯಬೇಕು, ಮಕ್ಕಳು ನೋಡುತ್ತಿರುತ್ತಾರೆ. ಟೈ ಕಟ್ಟಿದ ವಕೀಲರು, ಬ್ಯಾಡ್ಜ್ ನೇತುಹಾಕಿಕೊಂಡ ಸಾಫ್ಟ್‌ವೇರಿನವರು ಎಲ್ಲರೂ ನಡು ಬಗ್ಗಿಸಿ ಸಾಲು ನಿಂತರು. ಈ ಶಿಶುವಿಹಾರಕ್ಕೆ ಯೆಹೂದಿಗಳಲ್ಲದ ಮಕ್ಕಳೂ ಬರುತ್ತಾರೆ. ಅವರಲ್ಲೊಬ್ಬಳಾದ ಸಾನ್ವಿಯ ತಾಯಿ, ಮೈಸೂರಿನ ಪ್ರಗತಿ, ಅದನ್ನು ನೆನೆಸಿಕೊಂಡು ನಗುತ್ತಾರೆ: "ನಂಗೆ ಮೀಟಿಂಗ್‌ಗೆ ಲೇಟ್ ಆಗ್ತಿರತ್ತೆ. ಇವಳು ಬಿಡ್ಬೇಕಲ್ಲ! ‘ಅಮ್ಮಾ, ಸೋಪ್ ಫಸ್ಟ್’ ಅಂತಾಳೆ. ಮನೇಲಿ ಕೈ ತೊಳಿ ಅಂತ ಬಡ್ಕೋಳೋ ಕೆಲ್ಸ ಈಗ ನಂದಲ್ಲ, ಅವ್ಳದು."

ಮೊದಲ ದಿನ ಗೇಲ್ ಬಾಗಿಲಲ್ಲೇ ನಿಂತಿದ್ದರು. ಎಲೈ ಅವರ ಬೆರಳು ಹಿಡಿದು ನಲ್ಲಿಯ ಬಳಿ ಎಳೆದೊಯ್ದ. ಅಜ್ಜಿ ಬಗ್ಗಿದರು, ತೊಳೆದರು, ಕೈ ಚಾಚಿದರು. ಎರೂಷಾ ನೋಡಿಯೂ ನೋಡದವರಂತೆ ಕುರ್ಚಿ ಸರಿಸುತ್ತಿದ್ದರು. ಒಳಗೊಳಗೆ ಬೀಗುತ್ತಿದ್ದದ್ದನ್ನು ಈಗ ಒಪ್ಪಿಕೊಳ್ಳುತ್ತಾರೆ.

ಈಗ ಆಸ್ಟಿನ್‌ನ ಶಾಲೆಯೊಂದರ ಟೀಚರುಗಳು ಬಂದು ಈ ಬೆಳಗಿನ ನೇಮವನ್ನು ನೋಡಿಕೊಂಡು ಹೋಗಿದ್ದಾರೆ. ಎರೂಷಾ ಇನ್ನೂ ಸಹಾಯಕಿಯೇ. ಆದರೆ ಅವರು ಎಲ್ಲರಿಗೂ ಹೇಳುವುದು ಶಾಲೆಯ ಮಾತನ್ನಲ್ಲ, ಕಳೆದ ವಸಂತದ ಒಂದು ಶುಕ್ರವಾರದ ಮಾತನ್ನು. ಆ ಸಂಜೆ ಮಕ್ಕಳೂ ಮನೆಯವರೊಂದಿಗೆ ದೊಡ್ಡ ಪ್ರಾರ್ಥನೆಗೆ ಬಂದಿದ್ದರು. ಪ್ರಾರ್ಥನೆ ಮುಗಿಯಿತು. ಯಾರೂ ಹೇಳಿಕೊಡದೆ ಎಲೈ ಕುರ್ಚಿಯ ಮೇಲೆ ಹತ್ತಿ ನಿಂತು ಅಜ್ಜಿಯತ್ತ ಎರಡೂ ಕೈ ಚಾಚಿದ. ಆಚೆ ಇನ್ನೊಂದು ಮಗು ಅಪ್ಪನಿಗೆ, ಅಪ್ಪ ಪಕ್ಕದವರಿಗೆ. ಏನು ನಡೆಯುತ್ತಿದೆ ಎಂದು ತಿಳಿಯದವರೂ ಕೈ ಕೊಟ್ಟರು.

ಕೊನೆಯ ಸಾಲಿನಲ್ಲಿ ಎರೂಷಾರ ಕೈಗಳು ಎಂದಿನಂತೆ ಮಡಿಲಲ್ಲಿದ್ದವು. ಗೇಲ್ ತಮ್ಮ ಸಾಲು ಬಿಟ್ಟು, ಮಂದಿರದುದ್ದಕ್ಕೂ ನಡೆದು ಅವರ ಮುಂದೆ ಬಂದು ನಿಂತರು. ಎರಡೂ ಕೈ ಚಾಚಿದರು. "ಅವತ್ತು ನಿಮಗೆ ಪುಸ್ತಕ ಕೊಟ್ಟಿದ್ದೆ. ನೀವು ಕೇಳಿದ್ದು ಇದು ಅಲ್ಲವೇ?" ಎಂದರು.

ಪುಟ್ಟ ಕುರ್ಚಿಯೊಂದರಲ್ಲಿ ಕೂತು ಎರೂಷಾ ಇದನ್ನು ಹೇಳಿ ಮುಗಿಸುತ್ತಾರೆ. ಅಷ್ಟರಲ್ಲಿ ಹೊರಗೆ ಮೊದಲ ಕಾರಿನ ಬಾಗಿಲು ಬಡಿದ ಸದ್ದು. ಅವರು ಎದ್ದು, ಪುಟ್ಟ ನಲ್ಲಿಯ ಮುಂದೆ ಬಗ್ಗಿ, ತೋಳು ಮೇಲೇರಿಸಿ ಸೋಪು ಹಚ್ಚಿಕೊಳ್ಳುತ್ತಾರೆ.

"ದೊಡ್ಡ ಟೀಚರ್ ಮಾಡ್ರಿ ಅಂತ ನಾ ಯಾರನ್ನೂ ಕೇಳಂಗಿಲ್ರಿ. ಈ ಹುಡುಗ್ರು ನಾಳೆ ನನ್ನ ಮರೀತಾರ, ಮರೀಲಿ. ಕೈ ಚಾಚೂದು ಮರೀಬಾರ್ದು, ಅಷ್ಟ ಸಾಕು," ಎನ್ನುತ್ತಾರೆ. ಒದ್ದೆ ಕೈ ಒರೆಸಿಕೊಂಡು ಬಾಗಿಲ ಕಡೆ ತಿರುಗುತ್ತಾರೆ. "ವರ್ಕ್‌ಶಾಪ್ ಬಿಟ್ರ ಪುಣೆ, ಅದರಾಚೆ ಹೋಗದ ಮನಿಶಾರೀ ನಮ್ಮಪ್ಪ. ಅವನ ಕೈ ಡಲ್ಲಾಸ್ ತನಕ ಬಂತು ನೋಡ್ರಿ."