ಹತ್ತು ನಿಮಿಷ ಏಳಬೇಡಿ ಎಂದಿದ್ದೆ

ಮುಂಬಯಿ ಬಳಿಯ ಕಲ್ಯಾಣದಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ಕಟ್ಟಡವಿಲ್ಲ. ಮರಾಠಿ ಸಭೆಯವರು ಭಾನುವಾರದ ಆರಾಧನೆ ಮುಗಿಸಿ ಹೋದ ಮೇಲೆ ಅದೇ ಹಾಲ್ ನಮಗೆ ಸಿಗುತ್ತದೆ. ನಮ್ಮ ಆರಾಧನೆ ಶುರುವಾಗುವ ಮೊದಲು ಒಂದು ಗಂಟೆ, ಹಿಂದಿನ ಸಣ್ಣ ಕೋಣೆಯಲ್ಲಿ, ನಾನು ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಈಗಲೂ ಮಾಡುತ್ತೇನೆ. ಸಭೆಯ ಪೂರ್ಣ ಸದಸ್ಯರಾಗಿ, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಬರುವ ಮೊದಲು ಮಕ್ಕಳು ಒಂದು ವರ್ಷ ಕಲಿಯಬೇಕಾದ ಪಾಠ ಅದು.

ನಾನು ಉಡುಪಿ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದೆ, ಇಲ್ಲಿಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ದೇವಶಾಸ್ತ್ರ ಓದಿದವಳಲ್ಲ. ಕನ್ನಡ ಓದಲು ಬರೆಯಲು ಸರಿಯಾಗಿ ಬರುವವರು ಸಭೆಯಲ್ಲಿ ಕಡಿಮೆಯಾದದ್ದರಿಂದ ನಮ್ಮ ಪಾದ್ರಿ ಅಯ್ಯನವರು ಈ ಕೆಲಸ ನನಗೆ ಕೊಟ್ಟರು.

ನಾಲ್ಕು ವರ್ಷದ ಹಿಂದೆ ತರಗತಿಯಲ್ಲಿ ಏಳು ಮಕ್ಕಳಿದ್ದರು. ಪ್ರಾರ್ಥನೆ ಮಾಡಿ ಎಂದರೆ ಏಳೂ ಜನ ಹಿರಿಯರ ಹಾಗೆ ಮಾಡುತ್ತಿದ್ದರು. ಅರ್ಥ ತಿಳಿಯದ ದೊಡ್ಡ ದೊಡ್ಡ ಕನ್ನಡ ಪದಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಆಮೆನ್ ಅಂದು, ಕಣ್ಣು ತೆರೆದು ಮೊಬೈಲು ನೋಡುವುದು. ಅದು ನನಗೆ ಸಹಿಸಲಾಗುತ್ತಿರಲಿಲ್ಲ. ಈ ಮಕ್ಕಳಿಗೆ ತಮ್ಮದೇ ಆದ ಪ್ರಾರ್ಥನೆ ಇರಬೇಕು ಎಂದು ನನಗೆ ಹಟ ಹತ್ತಿತು.

ಒಂದು ಭಾನುವಾರ ಹೇಳಿದೆ. "ಇನ್ನು ಮೇಲೆ ಬಾಯಿಪಾಠ ಬೇಡ. ದಿನಕ್ಕೆ ಹತ್ತು ನಿಮಿಷ. ಒಳಗೆ ಹೋಗಿ, ಬಾಗಿಲು ಹಾಕಿ, ಒಬ್ಬರೇ ಕೂತುಕೊಳ್ಳಬೇಕು. ಹಿಂದಿಯೋ ಮರಾಠಿಯೋ, ಯಾವ ಭಾಷೆಯಾದರೂ ಸರಿ. ಆದರೆ ಸತ್ಯ ಹೇಳಬೇಕು."

ಹಿಂದಿನ ಸಾಲಿನ ಹುಡುಗಿ ಕೈ ಎತ್ತಿದಳು. ಹದಿನೈದು ವರ್ಷ, ತೆಳ್ಳಗೆ, ಯಾವಾಗಲೂ ಎಣ್ಣೆ ಹಾಕಿ ಬಿಗಿದ ಜಡೆ. "ಆಂಟಿ, ಹಮಾರೇ ಘರ್ ಮೇ ಏಕ್ ಹೀ ದರ್ವಾಜಾ ಹೈ" ಎಂದಳು. ಒಂದೇ ಬಾಗಿಲು, ಅದನ್ನು ಹಾಕಿದರೆ ಒಳಗೆ ಗಾಳಿಯಿಲ್ಲ.

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೂ ತಮ್ಮ ಮನೆಯ ವಿಷಯ ಹೇಳತೊಡಗಿದರು. ಏಳು ಜನರಲ್ಲಿ ಐವರಿಗೆ ಒಂದೇ ಕೋಣೆಯ ಮನೆ. ಬಾಗಿಲು ಹಾಕಿಕೊಳ್ಳುವ ಜಾಗವೆಂದರೆ ಚಾಳಿನ ಪಾಯಖಾನೆ, ಅದರ ಮುಂದೆ ಸಾಲು. ಈ ಊರಿನಲ್ಲಿ ಇಷ್ಟು ವರ್ಷ ಇದ್ದು ಈ ಮಾತು ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆ ದಿನ ಪಾಠ ಬಿಟ್ಟು ಪ್ರತಿಯೊಬ್ಬರಿಗೂ ಒಂದೊಂದು ಜಾಗ ಹುಡುಕಿದೆವು. ಮುಂಬ್ರಾದಿಂದ ಬರುವ ಹುಡುಗನಿಗೆ ಟ್ಯೂಷನ್ನಿನ ಮೆಟ್ಟಿಲು, ಇನ್ನೊಬ್ಬಳಿಗೆ ಕಟ್ಟಡದ ಟೆರೇಸು. ಜಡೆಯ ಹುಡುಗಿ ಯೋಚಿಸಿ, ಮಧ್ಯಾಹ್ನ ಅಪ್ಪನಿಗೆ ಊಟ ಮಾಡಿಸಿದ ಮೇಲೆ ಹೊಸ್ತಿಲಿನ ಹೊರಗೆ ಕೂರುತ್ತೇನೆ ಎಂದಳು.

ಆದರೆ ಅಪ್ಪ ಕರೆಯುತ್ತಾರೆ ಎಂದು ಹಿಂದಿಯಲ್ಲೇ ಹೇಳಿದಳು.

"ಹತ್ತು ನಿಮಿಷ ಅಲ್ವಾ ಮಗಾ? ಯಾರು ಕರೆದ್ರೂ ಏಳ್ಬಾರ್ದು. ಆ ಹತ್ತು ನಿಮಿಷ ದೇವರದ್ದು" ಎಂದೆ.

ಇದನ್ನು ನಾನು ತುಂಬ ಚೆನ್ನಾಗಿ ಹೇಳಿದೆ ಎಂದು ಆಗ ಅನಿಸಿತ್ತು.

ಆ ತಿಂಗಳೇ ಅವಳ ಮನೆಗೆ ಹೋದೆ. ಕಲ್ಯಾಣ ಪೂರ್ವದಲ್ಲಿ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಗಲ್ಲಿ. ತಂದೆ ಡೊಂಬಿವಲಿಯ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಅಡುಗೆಯವರಾಗಿದ್ದವರು. ಅದಕ್ಕೆ ಎರಡು ವರ್ಷ ಮೊದಲು ಲಕ್ವ ಹೊಡೆದು ಬಲಭಾಗ ಸತ್ತುಹೋಗಿತ್ತು, ಮಾತೂ ಹೋಗಿತ್ತು. ಉಳಿದದ್ದು ಒಂದೇ ಪದ, "ಬಾ". ನೀರು ಬೇಕಾದರೂ ಬಾ, ಮಗ್ಗುಲು ಬದಲಿಸಬೇಕಾದರೂ ಬಾ, ಸಿಟ್ಟು ಬಂದರೂ ಬಾ. ಎಡಗೈಯಲ್ಲಿ ಮಂಚದ ಕಂಬಿಗೆ ಬಡಿಯುತ್ತ ಕೂಗುತ್ತಿದ್ದರು. ಹೋಟೆಲಿನ ಯಜಮಾನರು ಒಳ್ಳೆಯವರು, ಆಗಾಗ ಇಡ್ಲಿ ಪಾರ್ಸೆಲ್ ಕಳಿಸುತ್ತಿದ್ದರು. ಹುಡುಗಿ ಅದನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುವಳು. ನಾನಿದ್ದಾಗಲೇ ಅವರು ಒಂದು ತುತ್ತು ಅವಳ ಮುಖದ ಮೇಲೆ ಉಗಿದರು. ಅವಳು ತೋಳಿನಿಂದ ಒರೆಸಿಕೊಂಡು ಮುಂದಿನ ತುತ್ತು ಹಿಡಿದಳು.

ತಾಯಿ ಗದಗ ಕಡೆಯವರು. ಬೆಳಿಗ್ಗೆ ಆರಕ್ಕೆ ಹೊರಟು, ಠಾಣೆಯಲ್ಲಿ ಟ್ರೇನು ಬದಲಿಸಿ, ಸೀವುಡ್ಸ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ ಸಂಜೆ ಏಳಕ್ಕೆ ಬರುವರು. ಬೆಳಗಿನ ಶಾಲೆ ಮುಗಿಸಿ ಹುಡುಗಿ ಬರುವತನಕ ಪಕ್ಕದ ಮನೆಯ ಮರಾಠಿ ಅಜ್ಜಿ ನೋಡಿಕೊಳ್ಳುವುದು. ಅಲ್ಲಿಂದ ಸಂಜೆಯವರೆಗೆ ಎಲ್ಲವೂ ಆ ಮಗುವಿನದು. ತಂದೆಯ ಡೈಪರ್ ಬದಲಿಸುವುದು, ಬೆನ್ನಿನ ಹುಣ್ಣಿಗೆ ಪೌಡರ್ ಹಾಕುವುದು, ಹತ್ತನೆಯ ತರಗತಿಯ ಪಾಠ ಓದುವುದು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಪಾಠ ಮುಗಿದ ಮೇಲೆ ಅವಳು ಹಿಂದೆ ಉಳಿದಳು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ, ನನ್ನ ಮುಖ ನೋಡದೆ ಮಾತಾಡಿದಳು. ನನ್ನೊಡನೆ ಯಾವಾಗಲೂ ಹಿಂದಿ ಆಡುವವಳು ಅಂದು ತಾಯಿಯ ಕನ್ನಡದಲ್ಲಿ ಹೇಳಿದಳು.

"ಆಂಟಿ, ನೀವ ಹೇಳಿದ್ರಲ್ಲ, ಖರೇ ಹೇಳ್ಬೇಕಂತ. ನಾ ದಿನಾ ಖರೇ ಹೇಳಾಕತ್ತೀನಿ. ಪಪ್ಪಾನ ಕರ್ಕೊಂಡ್ ಹೋಗು ಅಂತ."

"ಛೆ, ಹಾಗೆಲ್ಲ ಹೇಳ್ಲಿಕ್ಕುಂಟಾ ಮಗಾ?" ಎಂದುಬಿಟ್ಟೆ.

ಅವಳು ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. "ಮತ್ತ ಸುಳ್ಳು ಹೇಳ್ಲಾ?"

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅಪ್ಪ ಗುಣವಾಗಲಿ ಎಂದು ಕೇಳು ಎಂದೆ. ಅವಳ ತಲೆಯ ಮೇಲೆ ಕೈಯಿಟ್ಟು ನಾನೇ ಪ್ರಾರ್ಥಿಸಿದೆ, ಯಾವ ದೊಡ್ಡ ದೊಡ್ಡ ಪದಗಳನ್ನು ಬಿಡಿಸಲು ಹೊರಟಿದ್ದೆನೋ ಅವನ್ನೇ ಸೇರಿಸಿ. ಅವಳು ಥ್ಯಾಂಕ್ಯೂ ಆಂಟಿ ಎಂದು ಹೋದಳು. ಆರಾಧನೆ ಮುಗಿದ ಮೇಲೆ ನಾನು ಟ್ರೇನು ಹತ್ತಿ ಮನೆಗೆ ಬಂದೆ, ಸಾರು ಬಿಸಿ ಮಾಡಿದೆ, ಬಟ್ಟೆ ಮಡಿಸಿದೆ. ತಾಯಿಯ ಹತ್ತಿರ ಮಾತಾಡಬೇಕು, ಮಧ್ಯಾಹ್ನಕ್ಕೆ ಯಾರನ್ನಾದರೂ ಸಹಾಯಕ್ಕೆ ಕಳಿಸುವಂತೆ ಸಭೆಯಲ್ಲಿ ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಒಂದು ಮಗು ಕೈಲಾಗುವುದಿಲ್ಲ ಎಂದು ಹೇಳಿದ್ದನ್ನು ನಾನು ಪಾಪ ಎಂದು ಕೇಳಿಸಿಕೊಂಡಿದ್ದೆ.

ಮೂರು ವಾರ ಕಳೆದು, ಒಂದು ಬುಧವಾರ, ಆಫೀಸಿನಲ್ಲಿದ್ದಾಗ ಅಯ್ಯನವರ ಫೋನು ಬಂತು. ಹುಡುಗಿಯ ತಂದೆ ತೀರಿಹೋದರು.

ನಾನು ಹೋಗುವಾಗ ಆಸ್ಪತ್ರೆಯಿಂದ ಹೆಣ ತಂದಿದ್ದರು. ತಾಯಿ ಇನ್ನೂ ದಾರಿಯಲ್ಲಿದ್ದರು. ಹುಡುಗಿ ಅಜ್ಜಿಯ ಮನೆಯ ಒಲೆಕಟ್ಟೆಗೆ ಒರಗಿ ನಿಂತಿದ್ದಳು, ಶಾಲೆಯ ಯೂನಿಫಾರ್ಮಿನಲ್ಲೇ. ಅಳುತ್ತಿರಲಿಲ್ಲ. ಮೆದುಳಿನಲ್ಲಿ ಮತ್ತೊಮ್ಮೆ ರಕ್ತಸ್ರಾವವಾಗಿದೆ, ಪಕ್ಕದಲ್ಲೇ ಇದ್ದರೂ ಬಹುಶಃ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅಜ್ಜಿ ಅದನ್ನೇ ಬಂದವರಿಗೆಲ್ಲ ಹೇಳುತ್ತಿದ್ದಳು.

ಮರುದಿನ ಮಣ್ಣು ಮಾಡಿದೆವು. ಹೋಟೆಲಿನ ಯಜಮಾನರು ಬಂದು, ಚಪ್ಪಲಿ ಬಿಟ್ಟು, ಕೊನೆಯವರೆಗೂ ಕೈಕಟ್ಟಿ ನಿಂತಿದ್ದರು. ದೇವರು ಈ ಕುಟುಂಬದ ಮೊರೆಯನ್ನು ಕೇಳಿ ಅವರನ್ನು ನೋವಿನಿಂದ ಬಿಡಿಸಿದ್ದಾನೆ ಎಂದು ಅಯ್ಯನವರು ಪ್ರಸಂಗದಲ್ಲಿ ಹೇಳಿದರು. ಅವರಿಗೆ ಏನು ಗೊತ್ತು? ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹುಡುಗಿ ತಲೆ ಎತ್ತಿ, ಅಯ್ಯನವರನ್ನಲ್ಲ, ನನ್ನನ್ನು ನೋಡಿದಳು.

ಆಮೇಲೆ ನಾಲ್ಕು ಭಾನುವಾರ ಅವಳು ಪಾಠಕ್ಕೆ ಬರಲಿಲ್ಲ. ಐದನೆಯ ವಾರ ನಾನೇ ಹೋದೆ. ಮಂಚ ತೆಗೆದಿದ್ದರು, ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ತಾಯಿ ರೇಷನ್ನಿಗೆ ಹೋಗಿದ್ದರು. ಹುಡುಗಿ ಕೂತುಕೊಳ್ಳಿ ಎಂದಳು, ನೀರು ಕೊಟ್ಟಳು.

"ಆಂಟಿ, ಎರಡ್ ಸಲ ಕರದ್ರು" ಎಂದಳು.

"ಯಾರು ಮಗಾ?"

"ಪಪ್ಪಾ. ನಾ ಹೊರಗ ಕುಂತಿದ್ದೆ. ಬಾ ಅಂದ್ರು. ಸ್ವಲ್ಪ ತಡದು ಮತ್ತ ಬಾ ಅಂದ್ರು, ಸಣ್ಣ ದನಿ. ಹತ್ತು ನಿಮಿಷ ಆಗಿರ್ಲಿಲ್ಲ. ಮೊಬೈಲಿನ್ಯಾಗ ಟೈಮ್ ಇಟ್ಟಿದ್ದೆ. ಅದು ಬಾರಿಸಿದ ಮ್ಯಾಲೆ ಒಳಗ ಹೋದೆ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಮೊದಲ್ನೇ ಸಲ ಕರದಾಗ ನಾ ಏನ್ ಬೇಡ್ಕೊಳಾಕತ್ತಿದ್ದೆ ಗೊತ್ತೈತೇನ್ರೀ ನಿಮಗ?" ಎಂದಳು. ನನಗೆ ಗೊತ್ತಿತ್ತು.

"ತಪ್ಪು ನನ್ನದು. ಏಳ್ಬಾರ್ದು ಅಂತ ಹೇಳಿದ್ದು ನಾನು. ಆ ನಿಯಮ ದೇವರದ್ದಲ್ಲ, ನನ್ನದು" ಎಂದೆ.

"ಹೌದು" ಎಂದಳು. ಸಿಟ್ಟಿರಲಿಲ್ಲ, ಒಪ್ಪಿಕೊಂಡಳು ಅಷ್ಟೆ. "ಆದ್ರ ಕಿವಿ ನಂದ ಐತಲ್ರೀ. ಕೇಳಿಸಿತ್ತು."

ಅಮ್ಮನಿಗೆ ನಾನು ಹೇಳಲಾ ಎಂದು ಕೇಳಿದೆ. ಬೇಡ, ನಾನೇ ಹೇಳುತ್ತೇನೆ, ನೀವು ಇಲ್ಲೇ ಇರಿ ಎಂದಳು. ತಾಯಿ ಚೀಲ ಹೊತ್ತು ಬಂದರು. ಅವರು ಅಕ್ಕಿಯನ್ನು ಡಬ್ಬಿಗೆ ಸುರಿಯುತ್ತಿರುವಾಗಲೇ ಮಗಳು ಎಲ್ಲವನ್ನೂ ಹೇಳಿದಳು, ಏನು ಬೇಡಿಕೊಳ್ಳುತ್ತಿದ್ದಳು ಎಂಬುದನ್ನೂ. ನಾನು ನಡುವೆ ಬಾಯಿ ಹಾಕಿ, ಆ ನಿಯಮ ಕೊಟ್ಟವಳು ನಾನು ಎಂದೆ. ತಾಯಿ ಅಕ್ಕಿ ಸುರಿಯುವುದನ್ನು ನಿಲ್ಲಿಸಲಿಲ್ಲ. ಡಬ್ಬಿ ತುಂಬಿತು. ಮುಚ್ಚಳ ಹಾಕಿದರು, ನೆಲಕ್ಕೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿದರು.

ಕೊನೆಗೆ ಮಗಳಿಗೆ ಹೇಳಿದರು. "ನೀ ಒಳಗಿದ್ದಿದ್ರ ಏನ್ ಮಾಡ್ತಿದ್ದಿ? ಅವರನ್ನ ಎತ್ತಾಕ ನಾಕು ಮಂದಿ ಬೇಕು. ಈ ಗಲ್ಲಿಯೊಳಗ ಗಾಡಿ ಬರಂಗಿಲ್ಲ. ಎದ್ದು ಮಾರಿ ತೊಳಕೋ."

ಹುಡುಗಿ ಕೋಣೆಯ ಮೂಲೆಯ ಬಚ್ಚಲುಮೋರಿಯ ಹತ್ತಿರ ಹೋಗಿ ಮುಖ ತೊಳೆಯುತ್ತ ಅಲ್ಲೇ ಕೂತು ಅತ್ತಳು. ತಂದೆ ಹೋದ ಮೇಲೆ ಅದೇ ಮೊದಲು ಅತ್ತದ್ದೆಂದು ತಾಯಿ ಆಮೇಲೆ ಹೇಳಿದರು. ನನ್ನನ್ನು ಗಲ್ಲಿಯ ತುದಿಯತನಕ ಕಳಿಸಲು ಬಂದವರು ಅಲ್ಲಿ ನಿಂತರು.

"ಅಕ್ಕಾರ, ನೀವು ಬರ್ರಿ. ಚಾ ಕುಡೀರಿ, ಹೋಗ್ರಿ. ನೀವು ಕೆಟ್ಟವರಲ್ಲ. ಆದ್ರ ನನ್ನ ಮಗಳಿಗೆ ಇನ್ನ ಪ್ರಾರ್ಥನಿ ಕಲಿಸಬ್ಯಾಡ್ರಿ."

ಆಗಲಿ ಎಂದೆ.

ಅಯ್ಯನವರ ಬಳಿ ಹೋಗಿ ಪಾಠ ಬಿಡುತ್ತೇನೆ ಎಂದೆ. ಕಾರಣ ಹೇಳಲಿಲ್ಲ, ಅದು ನನ್ನೊಬ್ಬಳ ಗುಟ್ಟಾಗಿರಲಿಲ್ಲ. ಬೇರೆ ಯಾರಿದ್ದಾರೆ ಹೇಳಿ ಎಂದು ಅವರು ಕೇಳಿದರು. ಯಾರೂ ಇರಲಿಲ್ಲ. ಹಾಗಾಗಿ ಮುಂದುವರಿದೆ. ಆ ವರ್ಷ ಪೂರ್ಣ ಸದಸ್ಯರಾಗಲು ಆರು ಮಕ್ಕಳು ಬಿಳಿ ಬಟ್ಟೆ ತೊಟ್ಟು ಸಭೆಯ ಮುಂದೆ ನಿಂತರು. ಆ ದಿನದ ಫೋಟೋದಲ್ಲಿ ನಾನು ಇಲ್ಲ, ತಲೆನೋವೆಂದು ಹೊರಗೆ ಕೂತಿದ್ದೆ.

ಈಗ ಹೊಸ ಮಕ್ಕಳಿಗೆ ಮೊದಲ ದಿನವೇ ಹೇಳುತ್ತೇನೆ. ಪ್ರಾರ್ಥನೆ ಮಾಡುವಾಗ ಮನೆಯಲ್ಲಿ ಯಾರಾದರೂ ಕರೆದರೆ ತಕ್ಷಣ ಏಳಿ, ದೇವರು ಕಾಯುತ್ತಾನೆ. ಅವರಿಗೆ ಅದು ತಮಾಷೆಯಾಗಿ ಕಾಣುತ್ತದೆ. ಯಾರಾದರೂ ಪಾಠ ಮುಗಿದ ಮೇಲೆ ಹಿಂದೆ ಉಳಿದು ಏನಾದರೂ ಹೇಳಿದರೆ ನಾನು ತಲೆಯ ಮೇಲೆ ಕೈಯಿಡುವುದಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ, ಏನು ತಿಂದೆ, ನಿದ್ದೆ ಬರುತ್ತದಾ ಎಂದು ಕೇಳುತ್ತೇನೆ. ಇದು ಪ್ರಾರ್ಥನೆಯ ಪಾಠ ಹೌದೋ ಅಲ್ಲವೋ ನನಗೆ ತಿಳಿಯದು. ನನ್ನ ಸ್ವಂತ ಪ್ರಾರ್ಥನೆಯ ವಿಷಯ ಕೇಳಿದರೆ, ಬೆಳಿಗ್ಗೆ ಕೂರುತ್ತೇನೆ. ಎಷ್ಟೋ ದಿನ ಒಂದು ಮಾತೂ ಬರುವುದಿಲ್ಲ.

ತಾಯಿ ಮಗಳು ಬಾಡಿಗೆ ಕಡಿಮೆಯೆಂದು ಬದಲಾಪುರಕ್ಕೆ ಹೋದರು. ಹುಡುಗಿ ಹತ್ತನೆಯದನ್ನು ಎರಡನೆಯ ಸಲಕ್ಕೆ ಪಾಸು ಮಾಡಿದಳು. ಈಗ ಕಾಲೇಜಿಗೆ ಹೋಗುತ್ತಾಳೆ, ಸಂಜೆ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸ. ಸಭೆಗೆ ತಾಯಿಯೊಬ್ಬರೇ ಬರುತ್ತಾರೆ. ವರ್ಷಕ್ಕೆ ಮೂರು ನಾಲ್ಕು ಸಲ ನಾನು ಹೋಗಿ ಚಹಾ ಕುಡಿದು ಬರುತ್ತೇನೆ. ಕೊಟ್ಟ ಮಾತಿನಂತೆ ಆ ಮನೆಯಲ್ಲಿ ದೇವರ ವಿಷಯ ಎತ್ತಿಲ್ಲ.

ಕಳೆದ ಕ್ರಿಸ್ಮಸ್ಸಿನ ಮರುದಿನ ಚಕ್ಕುಲಿ, ಕಲ್ಕಲ್ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಅವಳು ಚೆನ್ನಾಗಿ ತಿಂದಳು, ಅಂಗಡಿಯ ಮಾಲೀಕನನ್ನು ಅಣಕಿಸಿ ತೋರಿಸಿ ನಗಿಸಿದಳು. ಹೊರಡುವಾಗ ರಿಕ್ಷಾ ಸ್ಟ್ಯಾಂಡಿನವರೆಗೆ ಜೊತೆಗೆ ಬಂದಳು. ಶೇರ್ ರಿಕ್ಷಾ ತುಂಬಲು ಇನ್ನೊಬ್ಬರು ಬೇಕಿತ್ತು, ನಾನು ಒಳಗೆ ಕೂತು, ಅವಳು ಪಕ್ಕದಲ್ಲಿ ನಿಂತು ಕಾಯುತ್ತಿದ್ದೆವು.

"ಆಂಟಿ, ನನ್ನ ಸಲುವಾಗಿ ಪ್ರಾರ್ಥನಿ ಮಾಡ್ತೀರೇನು?" ಎಂದಳು, ಇದ್ದಕ್ಕಿದ್ದಂತೆ.

ಸುಳ್ಳು ಹೇಳಲಾಗಲಿಲ್ಲ. "ಮಾಡ್ತೇನೆ."

"ಏನಂತ?"

"ನಿನ್ನ ಹೆಸರು ಹೇಳ್ತೇನೆ. ಅಷ್ಟೇ. ಮತ್ತೆ ಎಂತ ಹೇಳ್ಬೇಕಂತ ನಂಗೆ ಗೊತ್ತಾಗುದಿಲ್ಲ."

"ಬಸ್, ಉತ್ನಾ ಹೀ, ಅಷ್ಟ ಸಾಕು" ಎಂದಳು. "ಇನ್ನೇನೂ ಕೇಳಬ್ಯಾಡ್ರಿ ಆಂಟಿ."

ಅಷ್ಟರಲ್ಲಿ ಚೀಲ ಹಿಡಿದ ಒಬ್ಬ ಹೆಂಗಸು ಬಂದು ಹತ್ತಿದರು. ಡ್ರೈವರ್ ರಿಕ್ಷಾ ಸ್ಟಾರ್ಟ್ ಮಾಡಿದ. ನಾನು ಸರಿದು ಜಾಗ ಮಾಡಿಕೊಟ್ಟೆ.